ಡೆಂಗಿ ವೈರಸ್ಸಿನ ಕೊಕ್ಕೆ, ಲಿಲ್ಲಿ ಹೂವಿನ ಬೆಸುಗೆ

ಜೀವಕೋಶಗಳು ಹೇಗೆ ಒಂದಾಗುತ್ತವೆ ಎಂಬ ಬಗ್ಗೆ ಒಂದು ಸಭೆಯಲ್ಲಿ ಮಾತು ಶುರು ಮಾಡುವ ಮೊದಲು ಮೇಜಿನ ಮೇಲೆ ಒಂದು ತಟ್ಟೆಯಲ್ಲಿ ಸೋಪಿನ ನೀರು ಹಾಕಿ ಎರಡು ಗುಳ್ಳೆ ಊದಿದ್ದೆ. ಅದು ಮುಂದಿನ ಎರಡು ಸಾಲಿನವರಿಗೆ ಮಾತ್ರ ಕಂಡಿತಂತೆ. ಹಾಗಾಗಿ ಅದನ್ನು ಇಲ್ಲಿ ಬರೆದೇ ತೋರಿಸಬೇಕು.

ಎರಡು ಗುಳ್ಳೆಗಳನ್ನು ಹತ್ತಿರ ತಳ್ಳಿದರೆ ಅವು ಕೂಡಲೇ ಒಂದಾಗುವುದಿಲ್ಲ. ಮೊದಲು ಅಂಟಿಕೊಳ್ಳುತ್ತವೆ. ನಡುವೆ ಚಪ್ಪಟೆಯಾದ ಒಂದು ಗೋಡೆ ಏಳುತ್ತದೆ. ಹಾಗೇ ಸ್ವಲ್ಪ ಹೊತ್ತು ಇರುತ್ತವೆ, ಎರಡು ಮನೆಗೆ ಒಂದೇ ಗೋಡೆ ಅನ್ನುವ ಹಾಗೆ. ಆಮೇಲೆ ಯಾವಾಗಲೋ ಆ ಗೋಡೆ ಟಪ್ಪನೆ ಹೋಗಿಬಿಡುತ್ತದೆ. ಆಗ ಇರುವುದು ಒಂದೇ ಗುಳ್ಳೆ, ಮೊದಲಿನದಕ್ಕಿಂತ ದೊಡ್ಡದು. ನನ್ನ ಇಡೀ ಮಾತು ಇದ್ದದ್ದು ಆ ಗೋಡೆ ಹೋಗುವ ಕ್ಷಣದ ಬಗ್ಗೆ. ಅಂಟುವುದು ಬೇರೆ, ಒಂದಾಗುವುದು ಬೇರೆ. ಈ ವ್ಯತ್ಯಾಸವೊಂದನ್ನು ಕೈಯಲ್ಲಿ ಹಿಡಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಸೋಪಿನ ಗುಳ್ಳೆಗೆ ಗೋಡೆ ಒಡೆಯುವುದು ಸುಲಭ. ಜೀವಕೋಶಕ್ಕೆ ಅಷ್ಟು ಸುಲಭವಲ್ಲ, ಸುಲಭವಾಗಿರಲೂಬಾರದು. ಕೋಶದ ಪೊರೆ ಎಂದರೆ ಕೊಬ್ಬಿನ ಅಣುಗಳ ಎರಡು ಪದರ, ಒಟ್ಟು ದಪ್ಪ ಸುಮಾರು 5 ನ್ಯಾನೋಮೀಟರ್. ಪ್ರತಿ ಅಣುವಿಗೂ ನೀರನ್ನು ಇಷ್ಟಪಡುವ ಒಂದು ತಲೆ, ನೀರನ್ನು ಕಂಡರಾಗದ ಎರಡು ಬಾಲ. ತಲೆಗಳು ಹೊರಗೆ, ಬಾಲಗಳು ಒಳಗೆ. ಹೊರಗಿನ ತಲೆಗಳ ಸುತ್ತ ನೀರಿನ ಅಣುಗಳು ಬಿಗಿಯಾಗಿ ಕೂತಿರುತ್ತವೆ. ಎರಡು ಕೋಶಗಳ ಪೊರೆಗಳು ಸೇರಬೇಕಾದರೆ ನಡುವಿನ ಆ ನೀರನ್ನು ಹಿಂಡಿ ತೆಗೆಯಬೇಕು, ಮೊದಲು ಹೊರಪದರಗಳು ಬೆರೆಯಬೇಕು, ನಂತರ ಒಳಪದರಗಳು. ಕೊನೆಗೆ ಒಂದು ಸಣ್ಣ ರಂಧ್ರ ತೆರೆದುಕೊಂಡು ಅಗಲವಾಗಬೇಕು. ಇದಕ್ಕೆ ಬೇಕಾಗುವ ಶಕ್ತಿ ತನ್ನಷ್ಟಕ್ಕೆ ಸಿಗುವುದಿಲ್ಲ. ಅದಕ್ಕೇ ನಮ್ಮ ಮೈಯ ಲಕ್ಷ ಕೋಟಿಗಟ್ಟಲೆ ಕೋಶಗಳು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದರೂ ಕಲಸಿ ಮುದ್ದೆಯಾಗಿಲ್ಲ.

ಆದರೆ ಒಂದು ಕಡೆ ಇದು ಆಗಲೇಬೇಕು. ಗಂಡು ಲಿಂಗಾಣು, ಹೆಣ್ಣು ಲಿಂಗಾಣು ಸೇರುವಾಗ. ವೀರ್ಯಾಣು ಮತ್ತು ಅಂಡ ಎಂದುಕೊಳ್ಳಿ, ಪಾಚಿಯ ಎರಡು ಬಗೆಯ ಕೋಶಗಳು ಎಂದುಕೊಳ್ಳಿ. 1876ರಲ್ಲಿ ಆಸ್ಕರ್ ಹರ್ಟ್‌ವಿಗ್ ಕಡಲಕುಡಿಕೆಯ, ಅಂದರೆ ಮೈತುಂಬ ಮುಳ್ಳಿರುವ ಆ ಸಮುದ್ರಜೀವಿಯ, ಪಾರದರ್ಶಕ ಅಂಡದೊಳಗೆ ಎರಡು ಕೋಶಕೇಂದ್ರಗಳು ಹತ್ತಿರ ಸರಿದು ಒಂದಾಗುವುದನ್ನು ಕಂಡು ಬರೆದರು. ಗರ್ಭಕಟ್ಟುವುದು ಎಂದರೆ ಏನು ಎಂಬ ಪ್ರಶ್ನೆಗೆ ಕಣ್ಣಾರೆ ಕಂಡ ಉತ್ತರ ಅದು. ಆದರೆ ಕೇಂದ್ರಗಳು ಸೇರುವುದಕ್ಕೆ ಮೊದಲು ಬಾಗಿಲು ತೆರೆಯಬೇಕಲ್ಲ? ಆ ಬಾಗಿಲು ತೆರೆಯುವ ಪ್ರೋಟೀನು ಯಾವುದು ಎಂಬುದಕ್ಕೆ ಮುಂದೆ ಸುಮಾರು 130 ವರ್ಷ ಉತ್ತರವಿರಲಿಲ್ಲ.

ಉತ್ತರ ಬಂದದ್ದು ಸೋತ ಗಿಡಗಳಿಂದ.

ಅರಬಿಡಾಪ್ಸಿಸ್ ಎಂಬ ಪುಟ್ಟ ಸಾಸಿವೆ ಜಾತಿಯ ಗಿಡ ಸಸ್ಯವಿಜ್ಞಾನಿಗಳ ಪ್ರಯೋಗಶಾಲೆಯ ಇಲಿ ಇದ್ದ ಹಾಗೆ. ಮಾರ್ಕ್ ಜಾನ್ಸನ್ ಮತ್ತು ಸಂಗಡಿಗರು ಅದರಲ್ಲಿ ಪರಾಗದ ಕೆಲಸ ಕೆಟ್ಟಿರುವ ರೂಪಾಂತರಿಗಳನ್ನು ಹುಡುಕಿ 2004ರಲ್ಲಿ ಪಟ್ಟಿ ಮಾಡಿದರು. ಅವಕ್ಕೆ 'ಹ್ಯಾಪ್‌ಲೆಸ್' ಎಂದು ಹೆಸರಿಟ್ಟರು. ಇಂಗ್ಲಿಷಿನಲ್ಲಿ ಆ ಮಾತಿಗೆ ನತದೃಷ್ಟ ಎಂದರ್ಥ, ಜೊತೆಗೆ ವರ್ಣತಂತುಗಳ ಒಂದೇ ಕಟ್ಟು ಇರುವ ಕೋಶ ಎಂಬ ಶಾಸ್ತ್ರೀಯ ಪದದ ಮೊದಲ ಅಕ್ಷರಗಳೂ ಅದರಲ್ಲಿ ಅಡಗಿವೆ. ವಿಜ್ಞಾನಿಗಳು ಜೀನುಗಳಿಗೆ ಇಡುವ ಹೆಸರುಗಳಲ್ಲಿ ಮುಕ್ಕಾಲು ಪಾಲು ತಮಾಷೆಗಳು ಅವರಿಗೇ ಪ್ರೀತಿ, ಇದೊಂದು ಮಾತ್ರ ನನಗೂ ಹಿಡಿಸಿದೆ. ಆ ಪಟ್ಟಿಯ ಎರಡನೆಯ ನತದೃಷ್ಟನೇ ಹ್ಯಾಪ್-2.

2006ರಲ್ಲಿ ಜಪಾನಿನ ತೋಶಿಯುಕಿ ಮೋರಿ ಮತ್ತು ಸಹೋದ್ಯೋಗಿಗಳು ಬೇರೆ ದಾರಿಯಿಂದ ಅದೇ ಜಾಗಕ್ಕೆ ಬಂದರು. ಅವರು ಲಿಲ್ಲಿ ಹೂವಿನ ಪರಾಗದೊಳಗಿನ ಗಂಡು ಕೋಶದಲ್ಲಿ ಮಾತ್ರ ತಯಾರಾಗುವ ಪ್ರೋಟೀನೊಂದನ್ನು ಹಿಡಿದು ಜಿಸಿಎಸ್-1 ಎಂದು ಕರೆದರು. ಎರಡೂ ಒಂದೇ ವಸ್ತು. ಹೀಗಾಗಿ ಅದಕ್ಕೆ ಇವತ್ತಿಗೂ ಎರಡು ಹೆಸರು. ನಾನು ಹ್ಯಾಪ್-2 ಎಂದೇ ಕರೆಯುತ್ತೇನೆ, ಚಿಕ್ಕದು.

ಈ ಜೀನು ಕೆಟ್ಟ ಗಿಡದಲ್ಲಿ ಏನಾಗುತ್ತದೆ ನೋಡಿ. ಪರಾಗ ಮೊಳೆಯುತ್ತದೆ. ಪರಾಗನಾಳ ದಾರಿ ತಪ್ಪದೆ ಅಂಡಾಣುವಿನವರೆಗೆ ಬೆಳೆಯುತ್ತದೆ. ತುದಿ ಬಿರಿದು ಎರಡು ಗಂಡು ಕೋಶಗಳನ್ನು ಸರಿಯಾದ ಜಾಗದಲ್ಲೇ ಇಳಿಸುತ್ತದೆ. ಸಾಧಾರಣವಾಗಿ ಅಲ್ಲಿ ಒಂದು ಅಂಡದ ಜೊತೆ, ಇನ್ನೊಂದು ಪಕ್ಕದ ಮಧ್ಯಕೋಶದ ಜೊತೆ ಸೇರಬೇಕು. ಮೊದಲನೆಯದು ಭ್ರೂಣವಾಗುತ್ತದೆ, ಎರಡನೆಯದು ಬೀಜದೊಳಗಿನ ಆಹಾರ. ಕೆಟ್ಟ ಗಿಡದಲ್ಲಿ ಆ ಎರಡು ಗಂಡು ಕೋಶಗಳು ಬಂದು ಸುಮ್ಮನೆ ಕೂರುತ್ತವೆ. ಬಾಗಿಲ ಮುಂದೆ ಬಂದು ನಿಂತು ಬಾಗಿಲು ತಟ್ಟಲು ಕೈಯೇ ಇಲ್ಲದವರ ಹಾಗೆ.

ಗಿಡದಲ್ಲಿ ಈ ಸೇರುವಿಕೆ ನಡೆಯುವುದು ಹೂವಿನ ಒಡಲಾಳದಲ್ಲಿ, ನೋಡುವುದು ಕಷ್ಟ. ಹತ್ತಿರದಿಂದ ನೋಡಬೇಕಾದರೆ ಕ್ಲಾಮಿಡೊಮೋನಸ್ ಎಂಬ ಹಸಿರು ಪಾಚಿಗೆ ಬರಬೇಕು. ಇದು ಏಕಕೋಶ ಜೀವಿ, ಉದ್ದ ಸುಮಾರು 10 ಮೈಕ್ರೋಮೀಟರ್, ಮುಂದೆ ಈಜಲು ಎರಡು ಚಾವಟಿಗಳು. ನೀರಿನಲ್ಲಿ ಸಾರಜನಕ ಕಡಿಮೆಯಾದರೆ ಅದು ಲಿಂಗಾಣುವಾಗಿ ಬದಲಾಗುತ್ತದೆ. ಗಂಡು ಹೆಣ್ಣು ಎನ್ನುವಷ್ಟು ವ್ಯತ್ಯಾಸವಿಲ್ಲ, ನೋಡಲು ಎರಡೂ ಒಂದೇ ಥರ, ಅದಕ್ಕೆ ಪ್ಲಸ್ ಮತ್ತು ಮೈನಸ್ ಎನ್ನುತ್ತಾರೆ. ಎರಡು ಬಗೆಯವನ್ನು ಒಂದೇ ಬಟ್ಟಲಿಗೆ ಸುರಿದರೆ ಮೊದಲು ಚಾವಟಿಗಳು ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಆ ಸ್ಪರ್ಶದ ಸುದ್ದಿ ಒಳಗೆ ಹೋದದ್ದೇ ಎರಡೂ ತಮ್ಮ ಕೋಶಭಿತ್ತಿಯನ್ನು ಅಂಗಿ ಕಳಚಿದ ಹಾಗೆ ಕಳಚುತ್ತವೆ. ಎರಡು ಚಾವಟಿಗಳ ಬುಡದ ನಡುವೆ ಪ್ಲಸ್ ಕೋಶದಿಂದ ಒಂದು ಸಪೂರ ಬೆರಳು ಹೊರಬರುತ್ತದೆ. ಮೈನಸ್ ಕೋಶದಲ್ಲಿ ಅದೇ ಜಾಗದಲ್ಲಿ ಒಂದು ಸಣ್ಣ ಉಬ್ಬು. ಬೆರಳ ತುದಿ ಉಬ್ಬನ್ನು ಮುಟ್ಟುತ್ತದೆ, ಮುಟ್ಟಿದ ಕಡೆ ಪೊರೆ ಕರಗಿ ಎರಡೂ ಕೋಶಗಳ ಒಳದ್ರವ ಬೆರೆಯುತ್ತದೆ.

2008ರಲ್ಲಿ ವಿಲಿಯಂ ಸ್ನೆಲ್ ಅವರ ತಂಡ ಈ ಚಿತ್ರದಲ್ಲಿ ಹ್ಯಾಪ್-2ರ ಜಾಗ ಗುರುತಿಸಿತು. ಅದು ಇರುವುದು ಮೈನಸ್ ಕೋಶದ ಉಬ್ಬಿನ ಮೇಲೆ. ಪ್ಲಸ್ ಕೋಶದ ಬೆರಳಿನ ಮೇಲೆ ಫಸ್-1 ಎಂಬ ಬೇರೊಂದು ಪ್ರೋಟೀನು. ಫಸ್-1 ಇಲ್ಲದಿದ್ದರೆ ಬೆರಳು ಉಬ್ಬಿಗೆ ಅಂಟುವುದೇ ಇಲ್ಲ. ಹ್ಯಾಪ್-2 ಇಲ್ಲದಿದ್ದರೆ ಅಂಟುತ್ತದೆ, ಚೆನ್ನಾಗಿಯೇ ಅಂಟುತ್ತದೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎರಡು ಪೊರೆಗಳ ನಡುವೆ ಸುಮಾರು 10 ನ್ಯಾನೋಮೀಟರ್ ಅಷ್ಟೇ ಸಂದು. ಆದರೆ ಒಂದಾಗುವುದಿಲ್ಲ. ಸೋಪಿನ ಗುಳ್ಳೆಗಳ ನಡುವಿನ ಆ ಗೋಡೆ, ಒಡೆಯದೆ ಹಾಗೇ ನಿಂತ ಗೋಡೆ. ಅಂಟಿಸುವವರು ಬೇರೆ, ಬೆಸೆಯುವವರು ಬೇರೆ ಎಂಬುದು ಇಷ್ಟು ಶುಭ್ರವಾಗಿ ಇನ್ನೆಲ್ಲೂ ಕಂಡಿರಲಿಲ್ಲ. ಬೆಸುಗೆ ಮುಗಿದ ಮೇಲೆ ಎರಡೂ ಪ್ರೋಟೀನುಗಳನ್ನು ಕೋಶ ಬೇಗನೆ ನಾಶ ಮಾಡುತ್ತದೆ, ಮೂರನೆಯದೊಂದು ಬಂದು ಸೇರಿಕೊಳ್ಳದಿರಲೆಂದು.

ಅದೇ ಪ್ರಬಂಧದಲ್ಲಿ ಮಲೇರಿಯಾ ಪರಾವಲಂಬಿಯೂ ಇತ್ತು. ಸೊಳ್ಳೆ ರಕ್ತ ಹೀರಿದಾಗ ಪರಾವಲಂಬಿಯ ಲಿಂಗಾಣುಗಳು ಸೇರುವುದು ಸೊಳ್ಳೆಯ ಹೊಟ್ಟೆಯಲ್ಲಿ. ಹ್ಯಾಪ್-2 ತೆಗೆದುಹಾಕಿದರೆ ಅಲ್ಲೂ ಇದೇ ಕತೆ: ಗಂಡು ಬಂದು ಹೆಣ್ಣಿಗೆ ಅಂಟುತ್ತದೆ, ಸೇರುವುದಿಲ್ಲ, ಸೊಳ್ಳೆಯಲ್ಲಿ ರೋಗ ಮುಂದುವರಿಯುವುದೂ ಇಲ್ಲ. ಹೂವು, ಪಾಚಿ, ಮಲೇರಿಯಾ. ಬಹಳ ಹಿಂದೆಯೇ ಒಂದರಿಂದೊಂದು ದೂರವಾದ ಕವಲುಗಳಲ್ಲಿ ಒಂದೇ ಪ್ರೋಟೀನು ಒಂದೇ ಕೆಲಸ ಮಾಡುತ್ತಿದೆ ಎಂದರೆ, ಆ ಕವಲುಗಳು ಒಡೆಯುವ ಮೊದಲೇ ಅದು ಇತ್ತು ಎಂದೇ ಅರ್ಥ. ಕೋಶಕೇಂದ್ರವುಳ್ಳ ಎಲ್ಲ ಜೀವಿಗಳ ಆ ಮೂಲ ಪೂರ್ವಜ ಬದುಕಿದ್ದು ನೂರು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ. ಲೈಂಗಿಕ ಸಂತಾನೋತ್ಪತ್ತಿಯ ವಯಸ್ಸೂ ಅಷ್ಟೇ ಎನ್ನಬಹುದು.

ಇಲ್ಲಿಗೆ ಬಂದಾಗ ಸಭೆಯಲ್ಲಿ ಒಬ್ಬರು ಗಡಿಯಾರ ನೋಡಿಕೊಂಡರು. ನಿಜವಾದ ಕತೆ ಇನ್ನು ಶುರು ಎಂದು ಅವರಿಗೆ ಹೇಳಬೇಕಾಯಿತು.

ಕೋಶಗಳ ಬಾಗಿಲು ತೆರೆಯುವ ಕಲೆಯಲ್ಲಿ ಎಲ್ಲರಿಗಿಂತ ಪಳಗಿದವರು ವೈರಸ್ಸುಗಳು. ಅವಕ್ಕೆ ಬೇರೆ ಬದುಕೇ ಇಲ್ಲ. ಡೆಂಗಿ ವೈರಸ್ಸನ್ನು ತೆಗೆದುಕೊಳ್ಳಿ. ಸುಮಾರು 50 ನ್ಯಾನೋಮೀಟರ್ ಅಗಲದ ಉಂಡೆ. ಮೈಮೇಲೆ 'ಇ' ಎಂಬ ಪ್ರೋಟೀನಿನ 180 ಪ್ರತಿಗಳು, ಎರಡೆರಡು ಜೋಡಿಯಾಗಿ, ಹೆಂಚು ಹೊದೆಸಿದ ಹಾಗೆ ಅಡ್ಡಡ್ಡ ಮಲಗಿರುತ್ತವೆ. ಕೋಶ ಅದನ್ನು ಏನೋ ಆಹಾರವೆಂದು ಒಂದು ಪೊರೆಯ ಚೀಲದಲ್ಲಿ ಒಳಗೆಳೆದುಕೊಳ್ಳುತ್ತದೆ. ಚೀಲದೊಳಗೆ ಆಮ್ಲ ಏರುತ್ತದೆ. ವೈರಸ್ಸಿಗೆ ಬೇಕಾದದ್ದು ಆ ಹುಳಿಯೇ. ಜೋಡಿಗಳು ಬಿಡಿಬಿಡಿಯಾಗುತ್ತವೆ, ಮಲಗಿದ್ದವು ಎದ್ದು ನಿಲ್ಲುತ್ತವೆ. ಪ್ರತಿ ಪ್ರೋಟೀನಿನ ಒಂದು ತುದಿಯಲ್ಲಿ ನೀರನ್ನು ದ್ವೇಷಿಸುವ ಅಮಿನೋ ಆಮ್ಲಗಳ ಒಂದು ಸಣ್ಣ ಕುಣಿಕೆ ಇದೆ. ಅದು ಎದುರಿನ ಪೊರೆಯ ಕೊಬ್ಬಿನೊಳಗೆ ಕೊಕ್ಕೆಯ ಹಾಗೆ ಹೊಕ್ಕುತ್ತದೆ. ಮೂರು ಮೂರು ಸೇರಿ ಗುಂಪಾಗುತ್ತವೆ. ಆಮೇಲೆ ಪ್ರೋಟೀನು ತನ್ನ ನಡುವಿನಲ್ಲಿ ಮಡಚಿಕೊಳ್ಳುತ್ತದೆ. ಒಂದು ತುದಿ ಎದುರಿನ ಪೊರೆಯಲ್ಲಿ ಸಿಕ್ಕಿಕೊಂಡಿದೆ, ಇನ್ನೊಂದು ತುದಿ ವೈರಸ್ಸಿನ ಪೊರೆಯಲ್ಲಿ ಬೇರು ಬಿಟ್ಟಿದೆ. ಮಡಚಿದರೆ ಎರಡು ಪೊರೆಗಳೂ ಒಂದರ ಮೇಲೊಂದು ಬಂದು ಬೀಳಲೇಬೇಕು. ನಡುವಿನ ನೀರು ಹಿಂಡಿಹೋಗುತ್ತದೆ. ಬೆಸುಗೆ.

ಈ ಬಗೆಯ ಪ್ರೋಟೀನಿಗೆ ಎರಡನೇ ವರ್ಗದ ಸಮ್ಮಿಲನ ಪ್ರೋಟೀನು ಎನ್ನುತ್ತಾರೆ. ಇನ್‌ಫ್ಲುಯೆಂಜಾ, ಎಚ್‌ಐವಿಯದ್ದು ಮೊದಲನೆಯ ವರ್ಗ, ಅದರ ಕಟ್ಟಡವೇ ಬೇರೆ. ಎರಡನೇ ವರ್ಗದ ರಚನೆಯನ್ನು ಮೊದಲು, 1995ರಲ್ಲಿ, ರಕ್ತ ಹೀರುವ ಉಣ್ಣೆ ಹುಳುವಿನಿಂದ ಹರಡುವ ಮಿದುಳುರಿಯೂತದ ವೈರಸ್ಸಿನಲ್ಲಿ ಬಿಡಿಸಿದವರಲ್ಲಿ ಫೆಲಿಕ್ಸ್ ರೇ ಒಬ್ಬರು. ಇಪ್ಪತ್ತೆರಡು ವರ್ಷ ಕಳೆದು 2017ರಲ್ಲಿ, ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ ಅದೇ ರೇ ಅವರ ತಂಡ ಕ್ಲಾಮಿಡೊಮೋನಸ್ಸಿನ ಹ್ಯಾಪ್-2 ಪ್ರೋಟೀನನ್ನು ಹರಳುಗಟ್ಟಿಸಿ ಎಕ್ಸ್-ಕಿರಣ ಹಾಯಿಸಿತು. ಜೂಲಿಯೆಟ್ ಫೆದ್ರಿ ಆ ಪ್ರಬಂಧದ ಮೊದಲ ಲೇಖಕಿ. ಹರಳಿನಲ್ಲಿ ಕಂಡದ್ದು ಮೂರು ಮೂರರ ಗುಂಪು, ಮಡಚಿಕೊಂಡ ಭಂಗಿ, ತುದಿಯಲ್ಲಿ ಕುಣಿಕೆ. ಡೆಂಗಿ ವೈರಸ್ಸಿನ ಅದೇ ಯಂತ್ರ, ಹಸಿರು ಪಾಚಿಯ ಮೈಮೇಲೆ!

ಸುಮ್ಮನೆ ಹೋಲಿಕೆ ಇರಬಹುದಲ್ಲ ಎಂದು ನನಗೂ ಮೊದಲು ಅನ್ನಿಸಿತ್ತು. ಹಕ್ಕಿಗೂ ರೆಕ್ಕೆ, ಚಿಟ್ಟೆಗೂ ರೆಕ್ಕೆ, ಹಾಗಂತ ನೆಂಟಸ್ತನ ಕಟ್ಟುತ್ತೇವೆಯೇ? ಆದರೆ ಇಲ್ಲಿಯ ಹೋಲಿಕೆ ಆ ಥರದ್ದಲ್ಲ. ಎರಡರಲ್ಲೂ ಮೂರು ಭಾಗಗಳು, ಪ್ರತಿ ಭಾಗದೊಳಗೆ ಪ್ರೋಟೀನಿನ ಎಳೆ ಯಾವ ಕಡೆಯಿಂದ ಬಂದು ಎಲ್ಲಿ ತಿರುಗಿ ಯಾವ ಎಳೆಯ ಪಕ್ಕ ಮಲಗುತ್ತದೆ ಎಂಬ ಕ್ರಮವೂ ಒಂದೇ. ಅಮಿನೋ ಆಮ್ಲಗಳ ಸರಣಿಯಲ್ಲಿ ಮಾತ್ರ ಹೋಲಿಕೆ ಹುಡುಕಿದರೂ ಸಿಗುವುದಿಲ್ಲ. ಮನೆಯ ಇಟ್ಟಿಗೆಗಳನ್ನು ಒಂದೊಂದಾಗಿ ಬದಲಿಸುತ್ತ ಬಂದು ಕೊನೆಗೆ ಹಳೆಯದೊಂದೂ ಉಳಿಯದಿದ್ದರೂ ಮನೆಯ ನಕ್ಷೆ ಉಳಿದಿರುತ್ತದಲ್ಲ, ಹಾಗೆ. ಜಗುಲಿ ಎಲ್ಲಿ, ಅಟ್ಟ ಎಲ್ಲಿ, ಯಾವ ಬಾಗಿಲು ಯಾವ ಕೋಣೆಗೆ, ಎಲ್ಲ ಒಂದೇ ಇದ್ದರೆ ಅದನ್ನು ಕಾಕತಾಳೀಯ ಎನ್ನುವುದು ಕಷ್ಟ. ಇಸ್ರೇಲಿನ ಬೆಂಜಮಿನ್ ಪೊಡ್ಬಿಲೆವಿಚ್ ಅವರ ತಂಡವೂ ಅದೇ ವರ್ಷ ಇನ್ನೊಂದು ಬದಿಯಿಂದ ಇದನ್ನು ಗಟ್ಟಿ ಮಾಡಿತು. ಅರಬಿಡಾಪ್ಸಿಸ್ ಗಿಡದ ಹ್ಯಾಪ್-2 ಜೀನನ್ನು ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಮೂತ್ರಪಿಂಡದ ಕೋಶಗಳಿಗೆ ಹಾಕಿದರೆ ಆ ಕೋಶಗಳು ಒಂದಕ್ಕೊಂದು ಬೆಸೆದುಕೊಂಡವು. ಹೂವಿನ ಪ್ರೋಟೀನು, ಪ್ರಾಣಿಯ ಕೋಶ, ಬೇರೆ ಯಾರ ಸಹಾಯವೂ ಬೇಕಾಗಲಿಲ್ಲ. ಇದೇ ತಂಡ ಬಹಳ ವರ್ಷಗಳಿಂದ ಬೆನ್ನುಹತ್ತಿದ್ದ ದುಂಡುಹುಳುವಿನ ಚರ್ಮದ ಕೋಶಗಳನ್ನು ಬೆಸೆಯುವ ಇಎಫ್‌ಎಫ್-1 ಪ್ರೋಟೀನಿಗೂ ಇದೇ ನಕ್ಷೆ ಇರುವುದು 2014ರಲ್ಲೇ ಗೊತ್ತಾಗಿತ್ತು. ಹೀಗೆ ವೈರಸ್ಸು, ಲಿಂಗಾಣು, ಹುಳುವಿನ ಚರ್ಮ, ಮೂರೂ ಒಂದೇ ಮನೆತನ. ಈ ಮನೆತನಕ್ಕೆ ಫ್ಯೂಸೆಕ್ಸಿನ್ ಎಂದು ಹೆಸರಾಗಿದೆ.

ಹಾಗಾದರೆ ಯಾರು ಯಾರಿಂದ ಕದ್ದರು?

ವೈರಸ್ಸಿನಿಂದ ಜೀವಿಗಳು ಬೆಸುಗೆ ಪ್ರೋಟೀನು ಎತ್ತಿಕೊಂಡ ಉದಾಹರಣೆ ನಮ್ಮಲ್ಲೇ ಇದೆ. ಗರ್ಭದಲ್ಲಿ ಮಾಸಿನ, ಅಂದರೆ ಪ್ಲಾಸೆಂಟಾದ, ತಾಯಿಯ ರಕ್ತಕ್ಕೆ ಮುಖಮಾಡುವ ಪದರ ಬಿಡಿ ಕೋಶಗಳದ್ದಲ್ಲ, ಸಾವಿರಾರು ಕೋಶಗಳು ಬೆಸೆದು ಆದ ಒಂದೇ ಹಾಳೆ. ಅದನ್ನು ಬೆಸೆಯುವ ಸಿನ್‌ಸಿಟಿನ್ ಪ್ರೋಟೀನು ಹಳೆಯ ರೆಟ್ರೋವೈರಸ್ಸೊಂದರ, ಅಂದರೆ ಕೋಶದ ಡಿಎನ್‌ಎಯೊಳಗೇ ತನ್ನ ಜೀನುಗಳನ್ನು ಸೇರಿಸಿಬಿಡುವ ವೈರಸ್ಸೊಂದರ, ಹೊದಿಕೆಯ ಪ್ರೋಟೀನು ಎಂದು 2000ದಲ್ಲಿ ತಿಳಿಯಿತು. ಅಲ್ಲಿ ದಿಕ್ಕು ಅನುಮಾನವಿಲ್ಲದೆ ಗೊತ್ತು, ಏಕೆಂದರೆ ಜೀನಿನ ಅಕ್ಕಪಕ್ಕದಲ್ಲಿ ವೈರಸ್ಸಿನ ಉಳಿದ ಅವಶೇಷಗಳೂ ಬಿದ್ದಿವೆ. ಕಳ್ಳತನ ನಡೆದು ಹೆಚ್ಚು ದಿನವಾಗಿಲ್ಲ, ಕುರುಹು ಇನ್ನೂ ಅಳಿಸಿಲ್ಲ. ಹ್ಯಾಪ್-2 ಸುತ್ತ ಅಂಥ ಯಾವ ಕುರುಹೂ ಇಲ್ಲ. ನೂರು ಕೋಟಿ ವರ್ಷದಲ್ಲಿ ಇದ್ದರೂ ಅಳಿಸಿಹೋಗಿರುತ್ತಿತ್ತು. ಹಾಗಾಗಿ ವೈರಸ್ಸೇ ಮೊದಲು ಎನ್ನುವವರೂ ಇದ್ದಾರೆ, ಲಿಂಗಾಣುವಿನಿಂದ ವೈರಸ್ಸು ಕಲಿಯಿತು ಎನ್ನುವವರೂ ಇದ್ದಾರೆ.

2022ರಲ್ಲಿ ಮೂರನೆಯ ಪಾತ್ರಧಾರಿ ರಂಗಕ್ಕೆ ಬಂತು. ಆರ್ಕಿಯಾ ಎಂಬ, ಕೋಶಕೇಂದ್ರವಿಲ್ಲದ ಜೀವಿಗಳ ಗುಂಪು ಬ್ಯಾಕ್ಟೀರಿಯಾಗಳಿಂದ ಬೇರೆಯೇ ಆದದ್ದು. ಅವುಗಳ ಡಿಎನ್‌ಎ ರಾಶಿಯಲ್ಲಿ ಹುಡುಕುತ್ತ ಹೋದವರಿಗೆ ಫ್ಯೂಸೆಕ್ಸಿನ್ ಮನೆತನದ ಇನ್ನೊಂದು ಶಾಖೆ ಸಿಕ್ಕಿತು, ಎಫ್‌ಎಸ್‌ಎಕ್ಸ್-1. ಹರಳು ಕಟ್ಟಿ ನೋಡಿದರೆ ಅದೇ ನಕ್ಷೆ, ಜೊತೆಗೆ ಹೆಚ್ಚಿನದೊಂದು ನಾಲ್ಕನೆಯ ಭಾಗ. ಸ್ತನಿಗಳ ಕೋಶಕ್ಕೆ ಹಾಕಿದರೆ ಅವುಗಳನ್ನೂ ಬೆಸೆಯಿತು. ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸಿದ್ದು ಆ ಜೀನು ಕೂತಿದ್ದ ಜಾಗ. ಅದು ಇದ್ದದ್ದು ಆರ್ಕಿಯಾದ ಸ್ವಂತ ಜೀನುಗಳ ನಡುವೆಯಲ್ಲ, ವರ್ಣತಂತುವಿನೊಳಗೆ ತೂರಿ ಕೂತ ಸಂಚಾರಿ ಡಿಎನ್‌ಎ ತುಣುಕುಗಳಲ್ಲಿ. ಒಂದು ಕೋಶದಿಂದ ಇನ್ನೊಂದಕ್ಕೆ ಹೋಗಿ ಸೇರಿಕೊಳ್ಳುವ ಸ್ವಭಾವದ ತುಣುಕುಗಳು. ಪೂರ್ತಿ ವೈರಸ್ಸೂ ಅಲ್ಲ, ಪೂರ್ತಿ ಜೀವಿಯದ್ದೂ ಅಲ್ಲ.

1982ರಲ್ಲೇ ಡೋನಲ್ ಹಿಕಿ ಎಂಬವರು ಒಂದು ವಾದ ಮಂಡಿಸಿದ್ದರು. ಸ್ವಾರ್ಥಿ ಡಿಎನ್‌ಎ ತುಣುಕೊಂದು ತನ್ನ ಸಂಖ್ಯೆ ಹೆಚ್ಚಿಸಿಕೊಳ್ಳಬೇಕಾದರೆ ಕೋಶದಿಂದ ಕೋಶಕ್ಕೆ ದಾಟಬೇಕು, ದಾಟಲು ಕೋಶಗಳು ಸೇರುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ತನ್ನನ್ನು ಹೊತ್ತ ಕೋಶವನ್ನು ಪಕ್ಕದ ಕೋಶದ ಜೊತೆ ಬೆಸೆಯುವ ಪ್ರೋಟೀನನ್ನು ಆ ತುಣುಕೇ ತಯಾರಿಸಿಕೊಂಡರೆ? ಆತಿಥೇಯ ಕೋಶಕ್ಕೆ ಅದರಿಂದ ಮೊದಲಿಗೆ ನಷ್ಟವೇ ಇರಬಹುದು. ಆಮೇಲೆ ಎರಡು ಕೋಶಗಳ ಡಿಎನ್‌ಎ ಕಲೆತು ಹೊಸ ಜೋಡಣೆಗಳು ಹುಟ್ಟಿ ಲಾಭವಾಯಿತು, ಅಭ್ಯಾಸ ಉಳಿಯಿತು. ಆರ್ಕಿಯಾದ ಸಂಚಾರಿ ತುಣುಕಿನಲ್ಲಿ ಫ್ಯೂಸೆಕ್ಸಿನ್ ಸಿಕ್ಕ ಮೇಲೆ ಈ ಹಳೆಯ ವಾದಕ್ಕೆ ಮೈಗೆ ರಕ್ತ ಬಂದಂತಾಗಿದೆ. ನನ್ನ ಒಲವು ಈ ಕಡೆಗೇ. ವೈರಸ್ಸೋ ಲಿಂಗಾಣುವೋ ಎಂದು ಕೇಳುವಾಗ ನಾವು ಇವತ್ತಿನ ಎರಡು ಅಂಗಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅವು ಹುಟ್ಟುವ ಮೊದಲಿನ ಬೀದಿಯ ಬಗ್ಗೆ ಕೇಳುತ್ತಿದ್ದೇವೆ. ಆಗ ಇದ್ದದ್ದು ಅಲೆಮಾರಿ ಡಿಎನ್‌ಎ. ಒಬ್ಬ ಮಗ ವೈರಸ್ಸಿನ ವೃತ್ತಿ ಹಿಡಿದ, ಇನ್ನೊಬ್ಬ ಸಂಸಾರಿಯಾದ. ಇದನ್ನು ಒಪ್ಪದ ಗೆಳೆಯರು ನನಗೆ ಇದ್ದಾರೆ, ಅವರ ವಾದದಲ್ಲೂ ತಥ್ಯವಿದೆ.

ಕೊನೆಯಲ್ಲಿ ಪ್ರಶ್ನೆಗಳು. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು, "ಹಾಗಾದರೆ ನಮ್ಮಲ್ಲೂ ಈ ಹ್ಯಾಪ್-2 ಇದೆಯಾ ಸರ್?" ಎಂದು ಕೇಳಿದಳು. ನಾನು ಮುಚ್ಚಿಟ್ಟುಕೊಂಡಿದ್ದ ಪ್ರಶ್ನೆ ಅದೇ.

ಇಲ್ಲ. ಹೈಡ್ರಾದಲ್ಲಿದೆ, ಕೆಲವು ಕೀಟಗಳಲ್ಲಿದೆ. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಇಲ್ಲ, ಶಿಲೀಂಧ್ರಗಳಲ್ಲೂ ಇಲ್ಲ. ನಮ್ಮ ವಂಶ ಎಲ್ಲೋ ದಾರಿಯಲ್ಲಿ ಅದನ್ನು ಕಳೆದುಕೊಂಡು ಬೇರೆ ಏನೋ ಹೂಡಿಕೊಂಡಿತು. 2005ರಲ್ಲಿ ಜಪಾನಿನಲ್ಲಿ ಇಲಿಯ ವೀರ್ಯಾಣುವಿನ ಮೇಲೆ ಒಂದು ಪ್ರೋಟೀನು ಸಿಕ್ಕಿತು. ಮದುವೆಯ ದೇವತೆಯ ಇಜುಮೊ ದೇಗುಲದ ಹೆಸರನ್ನೇ ಅದಕ್ಕಿಟ್ಟರು, ಇಜುಮೊ-1. 2014ರಲ್ಲಿ ಅಂಡದ ಮೇಲಿನ ಅದರ ಜೊತೆಗಾತಿ ಸಿಕ್ಕಾಗ ರೋಮನ್ನರ ಮದುವೆಯ ದೇವತೆ ಜೂನೋ ಹೆಸರು. ಒಂದು ಜಪಾನೀ ದೇವರು, ಒಂದು ರೋಮನ್ ದೇವತೆ, ಜಾತಕ ಕೂಡಿತು ಎಂದು ನಾನು ಹೇಳಿದ್ದಕ್ಕೆ ಸಭೆ ನಕ್ಕಿತು. ಆದರೆ ಈ ಎರಡು ಸೇರಿದರೆ ಆಗುವುದು ಅಂಟು. ಬೆಸುಗೆ ಹಾಕುವವರು ಅವರೇ ಏನು? ಪೊಡ್ಬಿಲೆವಿಚ್ ತಂಡ 2017ರಲ್ಲಿ ಇಜುಮೊ-1 ಕೋಶಗಳನ್ನು ಅಂಟಿಸುತ್ತದೆ, ಬೆಸೆಯುವುದಿಲ್ಲ ಎಂದಿತ್ತು. 2023ರಲ್ಲಿ ಅದೇ ತಂಡ, ಬೆಸೆಯಬಲ್ಲದು ಎಂದು ಬರೆಯಿತು. ಕ್ಷೇತ್ರದಲ್ಲಿ ಚರ್ಚೆ ಇನ್ನೂ ಮುಗಿದಿಲ್ಲ. 2024ರಲ್ಲಿ ಆಂಡ್ರಿಯಾ ಪೌಲಿ ಅವರ ತಂಡ ಪ್ರೋಟೀನುಗಳ ಆಕಾರ ಊಹಿಸುವ ಆಲ್ಫಾಫೋಲ್ಡ್ ಎಂಬ ಗಣಕಯಂತ್ರ ವಿಧಾನದಿಂದ ವೀರ್ಯಾಣುವಿನ ಮೇಲೆ ಇಜುಮೊ-1 ಒಂಟಿಯಲ್ಲ, ಇನ್ನೆರಡು ಪ್ರೋಟೀನುಗಳ ಜೊತೆ ಮೂವರಾಗಿ ಕೂತಿದೆ ಎಂದು ತೋರಿಸಿತು.

ಹುಡುಗಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. "ಅಂಡದ ಕಡೆಯಿಂದ ಆ ಮೂವರನ್ನು ಹಿಡಿಯುವವರು ಯಾರು?" ಸ್ತನಿಗಳಲ್ಲಿ ಜೂನೋ. ಮೀನುಗಳಲ್ಲಿ ಬೌನ್ಸರ್ ಎಂಬ ಬೇರೆ ಪ್ರೋಟೀನು, ಪೌಲಿ ಅವರ ತಂಡವೇ 2018ರಲ್ಲಿ ಕಂಡುಹಿಡಿದದ್ದು. ಅದರ ಕೆಲಸ ಕ್ಲಬ್ಬಿನ ಬಾಗಿಲ ಕಾವಲುಗಾರನದ್ದು. ಜೀಬ್ರಾಮೀನಿನ ಅಂಡದಿಂದ ಅದರ ಸ್ವಂತ ಬೌನ್ಸರ್ ತೆಗೆದು, ವಿಕಾಸದಲ್ಲಿ ಬಹಳ ಹಿಂದೆಯೇ ಬೇರೆ ದಾರಿ ಹಿಡಿದ ಮೆಡಾಕ ಎಂಬ ಮೀನಿನ ಬೌನ್ಸರನ್ನು ಅಲ್ಲಿ ಕೂರಿಸಿದರು. ಆ ಅಂಡಗಳ ಮೇಲೆ ಮೆಡಾಕದ ವೀರ್ಯಾಣುಗಳನ್ನು ಬಿಟ್ಟರು. ಒಳಗೆ ಹೋದವು.